ತಮ್ಮನ ಬ್ಲಾಕ್ ಹೋಗಿಬಂದ ದಾರಿ: ಒಂದು ಜೀನ್ ಪರೀಕ್ಷಾ ಸೇವೆಯ ಕುರಿತು

ಮಂಗಳೂರಿನ ಒಂದು ಆಸ್ಪತ್ರೆಯ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾದವಳು ನಾನು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುವುದು, ಅದನ್ನು ಮೈಕ್ರೋಟೋಮಿನಲ್ಲಿ ನಾಲ್ಕು ಮೈಕ್ರಾನಿನ ತೆಳುವಿಗೆ ಸೀಳುವುದು, ಆ ಸೀಳನ್ನು ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿಕೊಳ್ಳುವುದು, ಬಣ್ಣ ಹಾಕಿ ಡಾಕ್ಟರರ ಮೇಜಿನ ಮೇಲೆ ಇಡುವುದು ನನ್ನ ಕೆಲಸವಾಗಿತ್ತು. ಬ್ಲಾಕಿನ ಮೇಲೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಯ ಹಿಂದೆ ಯಾರ ಮನೆಯ ಯಾರಿದ್ದಾರೆ ಎಂದು ಯೋಚಿಸುತ್ತ ಕುಳಿತರೆ ಕೈ ನಡೆಯುವುದಿಲ್ಲ. ಕಳೆದ ವರ್ಷ ಹಾಗೊಂದು ಸಂಖ್ಯೆ ನನ್ನ ತಮ್ಮನದಾಯಿತು. ಅವನ ಗಡ್ಡೆಯ ಜೀನ್ ಅಭಿವ್ಯಕ್ತಿ ಪರೀಕ್ಷೆಗಾಗಿ ನಾವು ದುಡ್ಡು ಕೊಟ್ಟ ಒಂದು ಖಾಸಗಿ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಹಾಕುವುದಿಲ್ಲ. ಅಲ್ಲಿ ಆದ ತಪ್ಪು ಯಾವ ಸಂಸ್ಥೆಯಲ್ಲಿಯೂ ಆಗಬಹುದಾದದ್ದು, ಅಲ್ಲಿ ಸಿಕ್ಕ ಒಳ್ಳೆಯದನ್ನು ಯಾವ ಸಂಸ್ಥೆಯಿಂದಲೂ ಕೇಳಿ ಪಡೆಯಬಹುದಾದದ್ದು.

ತಮ್ಮನದು ವಿಟ್ಲದ ಕಡೆ ಅಡಿಕೆ ತೋಟ. ಬಾಲ್ಯದಿಂದ ಬಚ್ಚಿರೆ ಬಜ್ಜೆಯಿ (ತುಳುವಿನಲ್ಲಿ ವೀಳ್ಯದೆಲೆ, ಅಡಿಕೆ) ಬಾಯಲ್ಲಿದ್ದೇ ಇತ್ತು, ಇಪ್ಪತ್ತರ ನಂತರ ಹೊಗೆಸೊಪ್ಪೂ ಸೇರಿತು. ಬಲಗೆನ್ನೆಯ ಒಳಗೆ ಹುಣ್ಣಾದಾಗ ಹಲ್ಲು ತಾಗಿದ್ದೆಂದು ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಅದಕ್ಕೂ ಮೊದಲೇ ಅವನ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಊಟದ ಹೊತ್ತಿಗೆ ಅನ್ನದ ತುತ್ತನ್ನು ಚಪ್ಪಟೆ ಮಾಡಿ ಒಳಗೆ ತಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅದು. ನೂರಾರು ಸ್ಲೈಡುಗಳಲ್ಲಿ ನೋಡಿದ ರೋಗವನ್ನು ಎದುರಿಗೆ ಕುಳಿತು ಉಣ್ಣುವ ತಮ್ಮನಲ್ಲಿ ಗುರುತಿಸಲಾಗಲಿಲ್ಲ ಎಂಬ ನೋವು ನನ್ನಲ್ಲಿ ಹಾಗೆಯೇ ಇದೆ. ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಕೆನ್ನೆಯ ಜೊತೆ ಕೆಳದವಡೆಯ ಒಂದು ಭಾಗವನ್ನೂ ಕತ್ತಿನ ಗ್ರಂಥಿಗಳನ್ನೂ ತೆಗೆದರು, ಎದೆಯ ಮಾಂಸ ತಿರುಗಿಸಿ ಕೆನ್ನೆಗೆ ಹೊಲಿದರು. ಬಳಿಕ 30 ಸಲ ರೇಡಿಯೇಷನ್. ಹತ್ತು ತಿಂಗಳು ಚೆನ್ನಾಗಿದ್ದ. ಮತ್ತೆ ಕತ್ತಿನಲ್ಲಿ ಗಂಟು ಬಂತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮನ ಮಗ ಈ ಸೇವೆಯನ್ನು ಹುಡುಕಿ ತಂದ. ಮಂಗಳೂರಿನಲ್ಲಿ ಅವರದೊಂದು ಸಂಗ್ರಹ ಕೇಂದ್ರವಿದೆ. ಬ್ಲಾಕನ್ನು ಅಲ್ಲಿ ಕೊಟ್ಟರೆ ಹೊರ ಊರಿನ ಪ್ರಯೋಗಾಲಯಕ್ಕೆ ಹೋಗುತ್ತದೆ, ಗಡ್ಡೆಯ ಆರ್‌ಎನ್‌ಎ (ಕೆಲಸ ಮಾಡುತ್ತಿರುವ ಜೀನುಗಳ ನಕಲು ಪ್ರತಿ) ತೆಗೆದು ಸಾವಿರಾರು ಜೀನುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂದು ಓದುತ್ತಾರೆ, ಮೂರು ವಾರದಲ್ಲಿ ವರದಿ. ಕೇಂದ್ರದ ಹುಡುಗ ಕೈಗಿತ್ತ ಬಣ್ಣದ ಹಾಳೆಯಲ್ಲಿ ‘ನಿಮ್ಮ ಗಡ್ಡೆಗೆ ಸರಿಯಾದ ಔಷಧಿ’ ಎಂದು ದೊಡ್ಡಕ್ಷರದಲ್ಲಿತ್ತು. ಈ ಸೇವೆಯ ಬಗ್ಗೆ ನನ್ನ ಮೊದಲ ಆಕ್ಷೇಪ ಆ ಸಾಲಿನ ಮೇಲೆಯೇ. ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ಜೀನ್ ಅಭಿವ್ಯಕ್ತಿಯ ಪೂರ್ತಿ ಪಟ್ಟಿ ನೋಡಿ ಔಷಧಿ ಆರಿಸುವ ಪದ್ಧತಿ ಇನ್ನೂ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಕೆಲವರಿಗೆ ಕೀಮೋ ಬೇಕೇ ಬೇಡವೇ ಎಂದು ಇಂಥ ಪರೀಕ್ಷೆಯಿಂದ ತೀರ್ಮಾನಿಸುತ್ತಾರೆ, ಅದು ನಿಜ. ಬಾಯಿಯ ಕ್ಯಾನ್ಸರಿಗೆ ಅಂಥದ್ದು ಸಿದ್ಧವಾಗಿಲ್ಲ. ಆಸೆಗೆ ಬಿದ್ದ ಮನೆಯವರ ಮುಂದೆ ಆ ಹಾಳೆಯನ್ನು ಇಡಬಾರದಿತ್ತು.

‘ಅಕ್ಕಾ, ಇದೇನು ಪರೀಕ್ಷೆ?’ ಎಂದು ತಮ್ಮ ಕೇಳಿದ. ಅವನಿಗೆ ಯಕ್ಷಗಾನದ ಹುಚ್ಚು. ಹಾಗಾಗಿ ಹೀಗೆ ಹೇಳಿದೆ: ನಿನ್ನ ಮೈಯ ಪ್ರತಿ ಕೋಶದಲ್ಲಿಯೂ ಇರುವುದು ಒಂದೇ ಪ್ರಸಂಗದ ಪುಸ್ತಕ. ಅದರ ಅಷ್ಟೂ ಪದ್ಯಗಳನ್ನು ಯಾವ ಭಾಗವತರೂ ಒಂದೇ ರಾತ್ರಿ ಹಾಡುವುದಿಲ್ಲ. ಕೆನ್ನೆಯ ಕೋಶ ಕೆಲವು ಪದ್ಯ ಎತ್ತಿಕೊಳ್ಳುತ್ತದೆ, ಯಕೃತ್ತಿನ ಕೋಶ ಬೇರೆ ಕೆಲವನ್ನು. ಪುಸ್ತಕದಲ್ಲಿ ಅಕ್ಷರ ತಪ್ಪಾದರೆ ಅದು ಮ್ಯುಟೇಷನ್. ಪುಸ್ತಕ ಸರಿಯಿದ್ದರೂ ಬೇಡದ ಪದ್ಯವನ್ನು ಮತ್ತೆ ಮತ್ತೆ ಹಾಡಿದರೆ, ಬೇಕಾದ ಪದ್ಯವನ್ನು ಹಾರಿಸಿಬಿಟ್ಟರೆ, ಅದು ಅಭಿವ್ಯಕ್ತಿಯ ಏರುಪೇರು. ಗಡ್ಡೆಯಲ್ಲಿ ಎರಡೂ ನಡೆದಿರುತ್ತದೆ. ಆ ರಾತ್ರಿ ಯಾವ ಪದ್ಯ ಎಷ್ಟು ಸಲ ಹಾಡಿದರು ಎಂದು ಬರೆದುಕೊಳ್ಳುವುದೇ ಈ ಪರೀಕ್ಷೆ. ‘ಹಾಗಾದರೆ ಆಟ ಮುಗಿದ ಮೇಲೆ ಕೇಳಿದರೆ ಹೇಗೆ ಗೊತ್ತಾಗುತ್ತದೆ?’ ಎಂದ. ಅವನು ಕೇಳಿದ್ದೇ ಇಡೀ ಪರೀಕ್ಷೆಯ ಮರ್ಮ. ಹಾಡಿದ ಪದ್ಯದ ಗುರುತಾದ ಆರ್‌ಎನ್‌ಎ ಬಹಳ ಸೂಕ್ಷ್ಮ. ಗಡ್ಡೆ ದೇಹದಿಂದ ಹೊರಬಂದ ಕ್ಷಣದಿಂದಲೇ ಅದು ಚೂರಾಗತೊಡಗುತ್ತದೆ. ಬೇಗ ಫಾರ್ಮಲಿನ್‌ಗೆ ಹಾಕಬೇಕು, ತುಂಡಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು, ದೊಡ್ಡ ತುಂಡನ್ನು ಸೀಳಿ ಇಡಬೇಕು, ಇಲ್ಲದಿದ್ದರೆ ಒಳಭಾಗ ಕೊಳೆಯುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಫಾರ್ಮಲಿನ್ ತಾನೇ ಆರ್‌ಎನ್‌ಎಯನ್ನು ತುಂಡರಿಸುತ್ತದೆ. ಪರೀಕ್ಷೆ ಎಷ್ಟೇ ದುಬಾರಿಯಾಗಿರಲಿ, ಅದರ ಹಣೆಬರಹ ನಿರ್ಧಾರವಾಗುವುದು ಆಪರೇಷನ್ ಥಿಯೇಟರಿನ ಹೊರಗಿನ ಆ ಡಬ್ಬಿಯಲ್ಲಿ.

ನಮ್ಮ ವಿಷಯದಲ್ಲಿ ತಪ್ಪಿದ್ದು ಬೇರೆ ಕಡೆ. ಬ್ಲಾಕ್ ತೆಗೆದುಕೊಡುವ ದಿನ ನಾನು ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದೆ. ತಮ್ಮನ ಮಗ ಸೇವೆಯವರ ಫಾರ್ಮ್ ಹಿಡಿದು ಆಸ್ಪತ್ರೆಯ ಕೌಂಟರಿಗೆ ಹೋದ. ಫಾರ್ಮಿನಲ್ಲಿ ‘ಗಡ್ಡೆ ಇರುವ ಒಂದು ಬ್ಲಾಕ್’ ಎಂದಷ್ಟೇ ಇತ್ತು. ಕೌಂಟರಿನವರು ಒಂದನ್ನು ಕೊಟ್ಟರು, ಅದು ಹೋಯಿತು. ಎರಡು ವಾರ ಕಳೆದ ಮೇಲೆ ಬಂದ ಸಂದೇಶದಲ್ಲಿ ಆರ್‌ಎನ್‌ಎ ಗುಣಮಟ್ಟ ಸಾಲದು, ಪರೀಕ್ಷೆ ಆಗುವುದಿಲ್ಲ ಎಂದಿತ್ತು. ನಾನು ಬಂದು ಹಳೆಯ ವರದಿಯ ಕೊನೆಯ ಪುಟದಲ್ಲಿನ ಬ್ಲಾಕುಗಳ ಪಟ್ಟಿ ತೆರೆದು ನೋಡಿದೆ. ಕೊಟ್ಟಿದ್ದ ಬ್ಲಾಕಿನ ಎದುರು ‘ದವಡೆ ಎಲುಬು, ಡಿಕ್ಯಾಲ್’ ಎಂದಿತ್ತು. ಗಡ್ಡೆ ಎಲುಬಿನೊಳಗೆ ಹೊಕ್ಕ ಜಾಗದ ತುಂಡು ಅದು. ಗಡ್ಡೆ ಇರುವುದು ಹೌದು. ಆದರೆ ಎಲುಬನ್ನು ಹಾಗೆಯೇ ಸೀಳಲು ಬ್ಲೇಡಿಗೆ ಆಗುವುದಿಲ್ಲ, ಕೆಲವು ದಿನ ಆಮ್ಲದಲ್ಲಿಟ್ಟು ಸುಣ್ಣದಂಶ ತೆಗೆದು ಮೆದು ಮಾಡುತ್ತೇವೆ, ಅದಕ್ಕೇ ಡಿಕ್ಯಾಲ್ ಎನ್ನುವುದು. ಆ ಆಮ್ಲ ಡಿಎನ್‌ಎ, ಆರ್‌ಎನ್‌ಎ ಎರಡನ್ನೂ ಹಾಳು ಮಾಡುತ್ತದೆ. ಆಮ್ಲದಲ್ಲಿ ನೆನೆದ ಬ್ಲಾಕನ್ನು ಇಂಥ ಪರೀಕ್ಷೆಗೆ ಕಳಿಸಬಾರದು ಎಂಬುದು ಲ್ಯಾಬಿನ ಒಳಗಿರುವವರಿಗೆ ಗೊತ್ತು. ಕೌಂಟರಿನಲ್ಲಿ ರಸೀದಿ ಬರೆಯುವವರಿಗೂ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಗನಿಗೂ ಹೇಗೆ ಗೊತ್ತಾಗಬೇಕು? ಫಾರ್ಮಿನಲ್ಲಿ ‘ಎಲುಬಿನ ಬ್ಲಾಕ್ ಬೇಡ’ ಎಂಬ ಮೂರು ಪದ ಅಚ್ಚಾಗಿದ್ದರೆ ನಮಗೆ ಎರಡು ವಾರ ಉಳಿಯುತ್ತಿತ್ತು. ಕತ್ತಿನಲ್ಲಿ ಗಂಟು ಬೆಳೆಯುತ್ತಿರುವ ಮನುಷ್ಯನಿಗೆ ಎರಡು ವಾರವೆಂದರೆ ಎಷ್ಟೆಂದು ಈ ಸೇವೆ ನಡೆಸುವವರು ಯೋಚಿಸಬೇಕು. ಫೋನು ಮಾಡಿ ಇದನ್ನೇ ಹೇಳಿದೆ. ಎರಡನೇ ಬ್ಲಾಕಿಗೆ ಮತ್ತೆ ಹಣ ಕೇಳಲಿಲ್ಲ, ಅಷ್ಟರ ಮಟ್ಟಿಗೆ ಅವರು ನ್ಯಾಯವಾಗಿ ನಡೆದುಕೊಂಡರು.

ಎರಡನೇ ಸಲ ನಾನೇ ಹೋದೆ. ಪಟ್ಟಿ ನೋಡಿ ಕೆನ್ನೆಯ ಗಡ್ಡೆಯ ನಡುಭಾಗದ ಬ್ಲಾಕ್ ಕೇಳಿದೆ. ಅದರ ಸ್ಲೈಡನ್ನು ಒಮ್ಮೆ ನೋಡಿ ಗಡ್ಡೆ ದಟ್ಟವಾಗಿರುವ ಜಾಗಕ್ಕೆ ಗುರುತು ಹಾಕಿಕೊಡಿ ಎಂದು ಅಲ್ಲಿನ ಪೆಥಾಲಜಿ ಡಾಕ್ಟರರನ್ನು ವಿನಂತಿಸಿದೆ. ಅವರು ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೀಲಿ ಪೆನ್ನಿನಿಂದ ಗಾಜಿನ ಮೇಲೆ ಉದ್ದಿನಕಾಳಿನಷ್ಟು ಒಂದು ವೃತ್ತ ಬರೆದುಕೊಟ್ಟರು. ಈ ವೃತ್ತ ಬಹಳ ಮುಖ್ಯ. ಗಡ್ಡೆಯೆಂದರೆ ಬರೀ ಕ್ಯಾನ್ಸರ್ ಕೋಶಗಳಲ್ಲ. ಅದರೊಳಗೆ ಸ್ನಾಯು, ರಕ್ತನಾಳ, ನಾರು, ಬಿಳಿ ರಕ್ತಕಣ ಎಲ್ಲ ಬೆರೆತಿರುತ್ತವೆ. ಇಡೀ ತುಂಡನ್ನು ಅರೆದು ಆರ್‌ಎನ್‌ಎ ತೆಗೆದರೆ ಎಲ್ಲರ ದನಿಯೂ ಒಂದಾಗಿ ಕೇಳುತ್ತದೆ.

ವೃತ್ತ ಹಾಕಿಸಿದರೂ ಆ ಬೆರಕೆ ಪೂರ್ತಿ ತಪ್ಪದೆ ವರದಿಯಲ್ಲಿಯೇ ಕಂಡಿತು. 17 ಪುಟಗಳ ವರದಿ, ಪೂರ್ತಿ ಇಂಗ್ಲಿಷಿನಲ್ಲಿ. ಮೂರನೇ ಪುಟದಲ್ಲಿ ಗಡ್ಡೆ ‘ಮೆಸೆನ್‌ಕೈಮಲ್’ (ನಾರಿನ ಕೋಶದಂಥ ಗುಣ ತೋರುವ) ಗುಂಪಿಗೆ ಸೇರಿದ್ದು ಎಂದು ಕೆಂಪು ಚೌಕದಲ್ಲಿ ಅಚ್ಚಾಗಿತ್ತು. ತಮ್ಮನ ಮಗ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಿ, ಇದು ಬೇಗ ಹರಡುವ ಜಾತಿಯಂತೆ ಅತ್ತೆ ಎಂದು ಬೆಳಿಗ್ಗೆ ಐದಕ್ಕೆ ಫೋನಿನಲ್ಲಿ ಅತ್ತ. ಈ ಗುಂಪುಗಳು ಕಟ್ಟುಕಥೆಯಲ್ಲ. 2015ರಲ್ಲಿ, ಕ್ಯಾನ್ಸರ್ ಜೀನುಗಳ ನಕ್ಷೆ ಬರೆದ ಅಮೆರಿಕದ ಟಿಸಿಜಿಎ ಯೋಜನೆಯವರು ತಲೆ-ಕತ್ತಿನ 279 ಗಡ್ಡೆಗಳ ಅಧ್ಯಯನ ಪ್ರಕಟಿಸಿದಾಗಲೂ ಅಭಿವ್ಯಕ್ತಿಯ ಆಧಾರದ ಮೇಲೆ ಬೇಸಲ್, ಮೆಸೆನ್‌ಕೈಮಲ್, ಅಟಿಪಿಕಲ್, ಕ್ಲಾಸಿಕಲ್ ಎಂಬ ನಾಲ್ಕು ಗುಂಪುಗಳನ್ನೇ ಹೇಳಿದ್ದಾರೆ. ಆದರೆ 2017ರಲ್ಲಿ 18 ರೋಗಿಗಳ ಗಡ್ಡೆಗಳಿಂದ ಸುಮಾರು 6,000 ಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿದಾಗ, ಮೆಸೆನ್‌ಕೈಮಲ್ ಎಂದು ಕಾಣುತ್ತಿದ್ದ ಸದ್ದಿನಲ್ಲಿ ದೊಡ್ಡ ಪಾಲು ಕ್ಯಾನ್ಸರ್ ಕೋಶದ್ದಲ್ಲ, ಪಕ್ಕದ ನಾರಿನ ಕೋಶಗಳದ್ದು ಎಂದು ತಿಳಿಯಿತು.

ಇದನ್ನು ನಮಗೆ ಬಿಡಿಸಿ ಹೇಳಿದ್ದು ಅದೇ ಸೇವೆಯ ಕೌನ್ಸೆಲರ್. ಧಾರವಾಡದ ಕಡೆಯ ಕನ್ನಡದಲ್ಲಿ ಮಾತಾಡುವ ಹುಡುಗಿ. 40 ನಿಮಿಷ, ಒಂದು ಸಲವೂ ಅವಸರ ತೋರಲಿಲ್ಲ. ‘ಮೇಡಂ, ನಿಮ್ಮ ತಮ್ಮನವರ ಕೆನ್ನೆಯಲ್ಲಿ ಮೊದಲಿನಿಂದಲೂ ಫೈಬ್ರೋಸಿಸ್ ಇತ್ತಲ್ಲವೇ?’ ಎಂದು ಕೇಳಿದಳು. ನನಗೆ ಆಗಲೇ ಹೊಳೆಯಿತು. ನಾರಿನಿಂದ ತುಂಬಿದ ಕೆನ್ನೆಯಿಂದ ನಾರಿನ ದನಿ ಕೇಳಿಸದೆ ಇನ್ನೇನು ಕೇಳಿಸುತ್ತದೆ? ಈ ಗುಂಪಿನ ಹೆಸರು ನೋಡಿ ಯಾವ ಡಾಕ್ಟರೂ ಔಷಧಿ ಬದಲಿಸುವುದಿಲ್ಲ, ಈ ಪುಟವನ್ನು ಮಡಿಸಿ ಪಕ್ಕಕ್ಕಿಡಿ ಎಂದಳು. ತನ್ನ ಸಂಸ್ಥೆಯ ವರದಿಯ ಪುಟವನ್ನೇ ಪಕ್ಕಕ್ಕಿಡಿ ಎನ್ನಲು ಪ್ರಾಮಾಣಿಕತೆ ಬೇಕು. ಈ ಸೇವೆಗೆ ನಾನು ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನಾದರೆ ಅದರಲ್ಲಿ ಎರಡು ಆ ಹುಡುಗಿಗೆ.

ಉಳಿದ ಪುಟಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟಿಪಿ53 ಜೀನಿನಲ್ಲಿ ಮ್ಯುಟೇಷನ್, ಕ್ಯಾಸ್ಪೇಸ್8ರಲ್ಲಿಯೂ ಒಂದು. ನಮ್ಮ ದೇಶದ ಒಸಡು-ಕೆನ್ನೆಯ ಕ್ಯಾನ್ಸರನ್ನೇ ಹಿಡಿದು ಪಶ್ಚಿಮ ಬಂಗಾಳದ ಕಲ್ಯಾಣಿಯ ಎನ್‌ಐಬಿಎಂಜಿ ಮತ್ತು ನವಿ ಮುಂಬಯಿಯ ಆ್ಯಕ್ಟ್ರೆಕ್ ಎಂಬ ಸಂಶೋಧನಾ ಸಂಸ್ಥೆಗಳು ಸೇರಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ, ಅದರಲ್ಲಿಯೂ ಈ ಎರಡು ಜೀನುಗಳ ಹೆಸರಿದೆ. ಅಂದರೆ ತಮ್ಮನ ಗಡ್ಡೆ ನಮ್ಮ ನಾಡಿನ ಗಡ್ಡೆಯೇ. ಸದ್ಯಕ್ಕೆ ಅವಕ್ಕೆ ಔಷಧಿ ಇಲ್ಲ. ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಇಜಿಎಫ್ಆರ್ ಜೀನಿನ ಅಭಿವ್ಯಕ್ತಿ ಹೆಚ್ಚು ಎಂದಿತ್ತು. ತಲೆ-ಕತ್ತಿನ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಹೆಚ್ಚೇ ಇರುತ್ತದೆ. ಅದನ್ನು ತಡೆಯುವ ಸೆಟುಕ್ಸಿಮ್ಯಾಬ್ ಔಷಧಿ ಈ ಕ್ಯಾನ್ಸರಿಗೆ ಅಮೆರಿಕದಲ್ಲಿ 2006ರಿಂದ ಇದೆ, ಆದರೆ ಅದನ್ನು ಕೊಡಲು ಅಭಿವ್ಯಕ್ತಿಯ ಅಂಕಿ ಕೇಳುವುದಿಲ್ಲ. ತನಗೂ ಇದು ಬರುತ್ತದೆಯೇ ಎಂದು ತಮ್ಮನ ಮಗ ಮೆಲ್ಲಗೆ ಕೇಳಿದ. ಇವು ಗಡ್ಡೆಯಲ್ಲಿ ಹುಟ್ಟಿದ ಬದಲಾವಣೆಗಳು, ಅಪ್ಪನಿಂದ ಮಗನಿಗೆ ಇಳಿದು ಬರುವಂಥವಲ್ಲ, ಆದರೆ ನೀವು ಅಡಿಕೆ ಜಗಿಯುತ್ತೀರಾ ಎಂದು ಕೌನ್ಸೆಲರ್ ತಿರುಗಿ ಕೇಳಿದಳು. ಅವನು ಉತ್ತರಿಸಲಿಲ್ಲ. ಅಡಿಕೆಯ ದುಡ್ಡಿನಲ್ಲಿಯೇ ನಾನೂ ತಮ್ಮನೂ ಓದಿದ್ದೇವೆ, ನನ್ನ ಮದುವೆಯೂ ಆದದ್ದು ಆ ವರ್ಷದ ಚಾಲಿ ಅಡಿಕೆ ಮಾರಿದ ದುಡ್ಡಿನಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಎರಡೂ ನಿಜ, ಎರಡನ್ನೂ ಹೊತ್ತುಕೊಂಡೇ ನಾನು ಬದುಕುತ್ತಿದ್ದೇನೆ.

ಕೊನೆಗೆ ಪ್ರಯೋಜನಕ್ಕೆ ಬಂದ ಅಂಕಿ ಒಂದೇ, ಪಿಡಿ-ಎಲ್1. ಅದು ಈ ದೊಡ್ಡ ವರದಿಯಿಂದ ಬರಲಿಲ್ಲ. ಕತ್ತಿನ ಗಂಟಿನಿಂದ ಹೊಸದಾಗಿ ತೆಗೆದ ಬಯಾಪ್ಸಿಯ ಮೇಲೆ ಮಂಗಳೂರಿನಲ್ಲಿಯೇ ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆ ಮಾಡಿಸಿದೆವು. ನಾಲ್ಕು ದಿನದಲ್ಲಿ, ಆ ದೊಡ್ಡ ಪರೀಕ್ಷೆಯ ಬೆಲೆಯ ಒಂದು ಸಣ್ಣ ಪಾಲಿಗೆ ಆಯಿತು. ಹಳೆಯ ಪರಿಚಯದ ಡಾಕ್ಟರೊಬ್ಬರು ನನ್ನನ್ನು ಎರಡು ಕಣ್ಣುಕೊಳವೆಗಳ ಸೂಕ್ಷ್ಮದರ್ಶಕದ ಎದುರು ಕೂರಿಸಿ ತೋರಿಸಿದರು. ನೀಲಿ ಹಿನ್ನೆಲೆಯಲ್ಲಿ ಕೆಲವು ಕೋಶಗಳ ಸುತ್ತ ಕಾಫಿ ಬಣ್ಣದ ಸಣ್ಣ ಬಳೆ. ಕೋಶದ ಅಂಚಿಗೆ ಮಾತ್ರ, ಒಳಗೆ ಅಲ್ಲ. ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಈ ಪ್ರೋಟೀನನ್ನು ಹೊದ್ದುಕೊಂಡು ನಿಂತರೆ, ಕೊಲ್ಲಲು ಬಂದ ನಮ್ಮ ಬಿಳಿ ಕಣ ಅದನ್ನು ಮುಟ್ಟಿ ಸುಮ್ಮನಾಗುತ್ತದೆ. ಇಮ್ಯುನೋಥೆರಪಿ ಔಷಧಿ ಆ ಮುಟ್ಟುವಿಕೆಯನ್ನು ತಡೆಯುತ್ತದೆ. ಹೀಗೆ ಬಳೆ ತೊಟ್ಟ ಗಡ್ಡೆ ಕೋಶಗಳನ್ನೂ, ಬಣ್ಣ ಹಿಡಿದ ಸುತ್ತಲಿನ ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್‌ಗಳನ್ನೂ ಎಣಿಸಿ, ಒಟ್ಟು ಜೀವಂತ ಗಡ್ಡೆ ಕೋಶಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಸಿಪಿಎಸ್ ಅಂಕ. ಅದು 1 ಅಥವಾ ಹೆಚ್ಚಿದ್ದವರಿಗೆ ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯಿಂದ ಬದುಕಿನ ಅವಧಿ ಹೆಚ್ಚುತ್ತದೆ ಎಂದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ತಮ್ಮನದು 25.

ದೊಡ್ಡ ವರದಿಯಲ್ಲಿಯೂ ಪಿಡಿ-ಎಲ್1 ಜೀನಿನ ಆರ್‌ಎನ್‌ಎ ಅಂಕಿ ಇತ್ತು. ಆ ಪದ್ಯವನ್ನು ಎಷ್ಟು ಸಲ ಹಾಡಿದರು ಎಂದು ಅದು ಹೇಳುತ್ತದೆ. ಯಾರು ಹಾಡಿದರು ಎಂದು ತೋರಿಸುವುದು ಸ್ಲೈಡ್. ಡಾಕ್ಟರರು ಸ್ಲೈಡನ್ನೇ ನಂಬಿದರು.

ಇಮ್ಯುನೋಥೆರಪಿಯ ಪೂರ್ಣ ಪ್ರಮಾಣ ನಮ್ಮ ಕೈಗೆ ಎಟುಕುವಂಥದ್ದಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 151 ರೋಗಿಗಳಲ್ಲಿ ನಡೆಸಿದ ಅಧ್ಯಯನವನ್ನು ನಮ್ಮ ಡಾಕ್ಟರು ಹೇಳಿದರು. ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ, ಒಂದು ವರ್ಷ ಬದುಕಿ ಉಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಅದನ್ನೇ ಆರಿಸಿಕೊಂಡೆವು. ಆರು ಡೋಸ್ ಆಗಿದೆ. ಗಂಟು ಕರಗಿಲ್ಲ, ಬೆಳೆದೂ ಇಲ್ಲ. ಗಂಜಿಗೆ ತುಪ್ಪ ಹಾಕಿಸಿಕೊಂಡು ಕುಡಿಯುತ್ತಾನೆ, ಸಂಜೆ ತೋಟದ ಅಂಚಿನವರೆಗೆ ನಡೆಯುತ್ತಾನೆ.

ಇಂಥ ಸೇವೆಯವರು ನಿಮ್ಮ ಮನೆ ಬಾಗಿಲಿಗೆ ಬಂದರೆ ಹಣ ಕೊಡುವ ಮೊದಲು ಇಷ್ಟು ಮಾಡಿ. ಈ ವರದಿಯ ಯಾವ ಅಂಕಿ ಬಂದರೆ ಚಿಕಿತ್ಸೆ ಬದಲಾಗುತ್ತದೆ ಎಂದು ನಿಮ್ಮ ಕ್ಯಾನ್ಸರ್ ಡಾಕ್ಟರರನ್ನೇ ಕೇಳಿ. ಉತ್ತರವಿಲ್ಲದಿದ್ದರೆ ಆ ಹಣ ಊಟಕ್ಕೆ, ಪ್ರಯಾಣಕ್ಕೆ, ಮುಂದಿನ ಡೋಸಿಗೆ ಇರಲಿ. ಟಾನ್ಸಿಲ್ ಅಥವಾ ನಾಲಿಗೆಯ ಬುಡದ ಕ್ಯಾನ್ಸರ್ ಆದರೆ ಪಿ16 ಎಂಬ ಪ್ರೋಟೀನಿನ ಪರೀಕ್ಷೆಯನ್ನು ಬಿಡಬೇಡಿ. ಎಚ್‌ಪಿವಿ ವೈರಸ್ಸು ಕೋಶದ ಆರ್‌ಬಿ ಎಂಬ ಕಾವಲುಗಾರನನ್ನು ಕಟ್ಟಿಹಾಕಿದಾಗ ಪಿ16 ವಿಪರೀತ ಹೆಚ್ಚುತ್ತದೆ. ಅಂಥ ಗಡ್ಡೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಅದರ ಹಂತವನ್ನು ಎಣಿಸುವ ಕ್ರಮವೇ ಬೇರೆ. ಅದೂ ಅಭಿವ್ಯಕ್ತಿಯ ಪರೀಕ್ಷೆಯೇ, ಒಂದೇ ಸ್ಲೈಡಿನ ಕೆಲಸ. ಕೆನ್ನೆಯ ಕ್ಯಾನ್ಸರಿಗೆ ಹಂತ ಹೇಳಲು ಅದು ಬೇಕಿಲ್ಲ. ಇನ್ನು, ಬ್ಲಾಕ್ ಕೊಡುವ ದಿನ ಹಳೆಯ ವರದಿಯ ಕೊನೆಯ ಪುಟ ಕೈಯಲ್ಲಿರಲಿ.

ಮೂರನೇ ನಕ್ಷತ್ರ ಏಕೆಂದು ಹೇಳಿಬಿಡುತ್ತೇನೆ. ಎರಡನೇ ಬ್ಲಾಕ್ ವರದಿ ಬಂದ ಹತ್ತನೇ ದಿನ ಕೊರಿಯರಿನಲ್ಲಿ ಹಿಂದೆ ಬಂತು. ಗುಳ್ಳೆ ಹಾಳೆಯಲ್ಲಿ ಸುತ್ತಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದರು, ಮೇಣ ಎಲ್ಲಿಯೂ ಕರಗಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಸೀಳಿದ ಮುಖ ನೋಡಿದೆ. ಗೀರಿಲ್ಲ, ಅಲೆಯಿಲ್ಲ, ಕನ್ನಡಿಯಂತೆ ನುಣುಪಾಗಿತ್ತು. ಬೇಕಾದಷ್ಟೇ ಸೀಳಿ, ಗಡ್ಡೆಯ ಅರ್ಧಕ್ಕಿಂತ ಹೆಚ್ಚನ್ನು ಮುಂದಿನ ಪರೀಕ್ಷೆಗೆಂದು ಉಳಿಸಿದ್ದರು. ಎಲ್ಲೋ ದೂರದ ಊರಿನಲ್ಲಿ ನನ್ನಂಥ ಒಬ್ಬರು, ಆ ಸಂಖ್ಯೆ ಯಾರದೆಂದು ತಿಳಿಯದೆ, ಜೋಪಾನವಾಗಿ ಕೆಲಸ ಮಾಡಿದ್ದರು. ಮರುದಿನ ಬೆಳಿಗ್ಗೆಯೇ ಅದನ್ನು ಆಸ್ಪತ್ರೆಯ ಕೌಂಟರಿಗೆ ಕೊಟ್ಟು, ಬ್ಲಾಕ್ ಸಂಖ್ಯೆಯನ್ನು ಎರಡು ಸಲ ಓದಿಸಿ, ರಸೀದಿ ತೆಗೆದುಕೊಂಡು ಬಂದೆ.